ನಾಲ್ವರಲ್ಲೊಬ್ಬರಾಗಿ ಕಲಿಸಿದವರು

ಪಾಶ್ಚಾತ್ಯ ಸಂಗೀತವನ್ನು ಪ್ರೀತಿಯಿಂದ ಕೇಳುವ ನಮ್ಮವರಲ್ಲೂ ಫೆಲಿಕ್ಸ್ ಗಾಲಿಮಿರ್ ಎಂಬ ಹೆಸರು ಬಹಳ ಜನಕ್ಕೆ ಗೊತ್ತಿರಲಾರದು. ಹೈಫೆಟ್ಸ್, ಮೆನುಹಿನ್, ಆಯ್ಸ್ಟ್ರಾಖ್ ಎಂದರೆ ಕಣ್ಣರಳಿಸುವವರು ಗಾಲಿಮಿರ್ ಎಂದರೆ ಯಾರವರು ಎಂದು ಕೇಳುತ್ತಾರೆ. 1910ರಲ್ಲಿ ವಿಯೆನ್ನಾದಲ್ಲಿ ಹುಟ್ಟಿ 1999ರಲ್ಲಿ ನ್ಯೂಯಾರ್ಕ್‌ನಲ್ಲಿ ತೀರಿಕೊಂಡ ಈ ಪಿಟೀಲುವಾದಕರು ತಮ್ಮ ಆಯುಷ್ಯದ ಬಹುಪಾಲನ್ನು ಇನ್ನು ಮೂವರ ಜೊತೆ ಕೂತು ನುಡಿಸುವುದರಲ್ಲಿ, ಹಾಗೆ ನುಡಿಸುವುದು ಹೇಗೆಂದು ಬೇರೆಯವರಿಗೆ ಕಲಿಸುವುದರಲ್ಲಿ ಕಳೆದರು. ಇಡೀ ಆರ್ಕೆಸ್ಟ್ರಾದ ಮುಂದೆ ಒಬ್ಬರೇ ನಿಂತು ಚಪ್ಪಾಳೆ ಗಿಟ್ಟಿಸುವ ಬದುಕು ಅವರದಾಗಿರಲಿಲ್ಲ.

ಇಂಥವರ ಬಗ್ಗೆ ಬರೆಯುವಾಗ ಒಂದು ಸಿದ್ಧ ಧಾಟಿ ಬಂದುಬಿಡುತ್ತದೆ. ಮೊದಲರ್ಧದಲ್ಲಿ ಕಲಾವಿದ, ಉತ್ತರಾರ್ಧದಲ್ಲಿ ಮೇಷ್ಟ್ರು. ಮೊದಲರ್ಧಕ್ಕೆ ನಾಲ್ಕು ಪುಟ, ಎರಡನೆಯದಕ್ಕೆ ಒಂದು ಪ್ಯಾರಾ. ಕಚೇರಿಗಳು ಕಡಿಮೆಯಾದ ಮೇಲೆ ಹೊಟ್ಟೆಪಾಡಿಗೋ ಮರ್ಯಾದೆಗೋ ಹಿಡಿದ ಕೆಲಸ ಎಂಬಂತೆ ಪಾಠ ಹೇಳುವುದನ್ನು ಕೊನೆಗೆ ತಂದು ಸೇರಿಸುವುದು. ಈ ಧಾಟಿ ಒಬ್ಬಂಟಿ ವಾದಕರ ವಿಷಯದಲ್ಲಿ ಸರಿಯಿದ್ದೀತು. ಕೆಲವೇ ವಾದಕರು ಸೇರಿ ನುಡಿಸುವ ಚೇಂಬರ್ ಸಂಗೀತದವರ ವಿಷಯದಲ್ಲಿ ಅದು ಪೂರ್ತಿ ತಪ್ಪು ಎನ್ನುವುದು ನನ್ನ ವಾದ. ಅಲ್ಲಿ ಕಲಿಸುವುದೂ ನುಡಿಸುವುದೂ ಒಂದೇ ಕೆಲಸ. ಆ ಸಂಗೀತದ ಮುಖ್ಯ ಭಾಗ ಕಾಗದದ ಮೇಲೆ ಇಲ್ಲ, ಧ್ವನಿಮುದ್ರಿಕೆಯಲ್ಲೂ ಅರ್ಧವೇ ಇದೆ; ಉಳಿದದ್ದು ಒಟ್ಟಿಗೆ ಕೂತವರ ನಡುವೆ ಮಾತ್ರ ದಾಟುತ್ತದೆ. ಗಾಲಿಮಿರ್ ಅವರ ಬದುಕು ಇದಕ್ಕೆ ನನಗೆ ಗೊತ್ತಿರುವ ಅತ್ಯಂತ ಸ್ಪಷ್ಟವಾದ ಉದಾಹರಣೆ.

ಆ ಬದುಕು ಶುರುವಾದದ್ದು ಮನೆಯಲ್ಲಿ. ಗಾಲಿಮಿರ್ ಮನೆತನದವರು ಸೆಫಾರ್ಡಿ ಯೆಹೂದಿಗಳು. ಫೆಲಿಕ್ಸ್‌ಗೆ ಮೂವರು ಸಹೋದರಿಯರು. ಏಡ್ರಿಯನ್ ಪಿಟೀಲು, ರೆನೆ ವಯೊಲಾ, ಮಾರ್ಗರೀಟ್ ಚೆಲ್ಲೊ ನುಡಿಸುತ್ತಿದ್ದರು. ಎರಡು ಪಿಟೀಲು, ಒಂದು ವಯೊಲಾ, ಒಂದು ಚೆಲ್ಲೊ ಸೇರಿದರೆ ಸ್ಟ್ರಿಂಗ್ ಕ್ವಾರ್ಟೆಟ್. ಹೈಡನ್ ಕಾಲದಿಂದ ಯುರೋಪಿನ ಸಂಗೀತಗಾರರು ತಮ್ಮ ಆಳವಾದ ಯೋಚನೆಗಳನ್ನು ಹೇಳಲು ಆರಿಸಿಕೊಂಡ ರೂಪ. ಒಂದೇ ಮನೆಯಲ್ಲಿ ನಾಲ್ಕೂ ವಾದ್ಯ ಇದ್ದವು. 1920ರ ದಶಕದ ಕೊನೆಯಲ್ಲಿ, ಫೆಲಿಕ್ಸ್‌ಗೆ ಇಪ್ಪತ್ತು ತುಂಬುವ ಮೊದಲೇ, ಗಾಲಿಮಿರ್ ಕ್ವಾರ್ಟೆಟ್ ಹುಟ್ಟಿತು. ವಿಯೆನ್ನಾದ ಕನ್ಸರ್ವೇಟರಿಯಲ್ಲಿ ಅಡಾಲ್ಫ್ ಬಾಕ್ ಅವರ ಬಳಿ, ಆಮೇಲೆ ಬರ್ಲಿನ್‌ನಲ್ಲಿ ಕಾರ್ಲ್ ಫ್ಲೆಶ್ ಅವರ ಬಳಿ ಫೆಲಿಕ್ಸ್ ಕಲಿತರು. ಫ್ಲೆಶ್ ಅಂದಿನ ಯುರೋಪಿನಲ್ಲಿ ಪಿಟೀಲಿನ ದೊಡ್ಡ ಗುರು. ಅವರ ಹತ್ತಿರ ಕಲಿತವರು ಸಾಮಾನ್ಯವಾಗಿ ಕನ್ಚೆರ್ಟೊ ನುಡಿಸುವ ಕನಸು ಹೊತ್ತು ಹೊರಬರುತ್ತಿದ್ದರು. ಗಾಲಿಮಿರ್ ಮಾತ್ರ ಮನೆಗೆ ಮರಳಿ ಸಹೋದರಿಯರ ಜೊತೆ ಕೂತರು.

ಅಂದಿನ ವಿಯೆನ್ನಾದಲ್ಲಿ ಕ್ವಾರ್ಟೆಟ್ ಎಂದರೆ ಹಳೆಯ ಕೃತಿಗಳನ್ನು ಒಪ್ಪವಾಗಿ ನುಡಿಸುವುದಷ್ಟೇ ಆಗಿರಲಿಲ್ಲ. 1881ರಿಂದ ಅಲ್ಲಿನ ಅರಮನೆಯ ಆಪೆರಾದಲ್ಲಿ ಮೊದಲ ಪಿಟೀಲಿನ ಕುರ್ಚಿಯಲ್ಲಿದ್ದ ಆರ್ನೋಲ್ಡ್ ರೋಸೆ ತಮ್ಮ ಕ್ವಾರ್ಟೆಟ್‌ನೊಡನೆ ಷೋನ್‌ಬರ್ಗ್ ಅವರ ಕೃತಿಗಳನ್ನು ಮೊದಲ ಸಲ ನುಡಿಸಿ, ಸಭೆಯ ಗಲಾಟೆಯನ್ನೂ ಎದುರಿಸಿದ್ದರು. ಎಡಗೈ ಬೆರಳಿಗೆ ಪೆಟ್ಟಾದ ಕಾರಣ ಕಮಾನನ್ನು ಎಡಗೈಯಲ್ಲಿ ಹಿಡಿದು ನುಡಿಸಲು ಕಲಿತ ರುಡಾಲ್ಫ್ ಕೋಲಿಷ್ ತಮ್ಮ ಸಂಗಡಿಗರಿಗೆ ಇಡೀ ಕೃತಿಯ ಸ್ವರಲಿಪಿಯನ್ನು ಅಭ್ಯಾಸ ಮಾಡಿಸಿ, ವೇದಿಕೆಯಲ್ಲಿ ಕಾಗದವಿಲ್ಲದೆ ನುಡಿಸುವಂತೆ ಮಾಡಿದ್ದರು. ಆಲ್ಬನ್ ಬರ್ಗ್ ಅವರ ‘ಲಿರಿಕ್ ಸ್ವೀಟ್’ ಎಂಬ ಕ್ವಾರ್ಟೆಟ್ ಕೃತಿಯನ್ನು 1927ರ ಜನವರಿಯಲ್ಲಿ ಮೊದಲು ನುಡಿಸಿದವರು ಕೋಲಿಷ್ ತಂಡದವರೇ. ಹೊಸ ಕೃತಿ ಬರೆದವರು ಅದೇ ಊರಿನಲ್ಲಿ ಇರುತ್ತಿದ್ದರು. ಅಭ್ಯಾಸಕ್ಕೆ ಬಂದು ಕೂರುತ್ತಿದ್ದರು. ತಮಗೆ ಬೇಡವಾದದ್ದನ್ನು ಬೇಡ ಎನ್ನುತ್ತಿದ್ದರು. ಬರೆದವರಿಗೂ ನುಡಿಸುವವರಿಗೂ ನಡುವೆ ಒಂದು ಕೋಣೆಯಷ್ಟೇ ಅಂತರ.

ಆ ಅಂತರದಲ್ಲೇ ಗಾಲಿಮಿರ್ ಒಡಹುಟ್ಟಿದವರು ಬೆಳೆದರು. 1930ರ ದಶಕದ ಮಧ್ಯದಲ್ಲಿ ಅವರು ಪಾಲಿಡೋರ್ ಕಂಪನಿಗಾಗಿ ಫ್ರಾನ್ಸಿನ ಸಂಗೀತಕಾರ ರವೆಲ್ ಅವರ ಕ್ವಾರ್ಟೆಟ್ ಅನ್ನು ರವೆಲ್ ಎದುರಿನಲ್ಲೇ ಧ್ವನಿಮುದ್ರಿಸಿದರು. ಬರ್ಗ್ ಅವರ ಮಾರ್ಗದರ್ಶನ ಪಡೆದು ‘ಲಿರಿಕ್ ಸ್ವೀಟ್’ ಧ್ವನಿಮುದ್ರಿಸಿದರು. ಬರ್ಗ್ 1935ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಎರಡು ಮೂರು ವರ್ಷಗಳಲ್ಲಿ ಆ ಊರು, ಆ ಕೋಣೆ, ಆ ಬಗೆಯ ಸಂಗೀತ ಎಲ್ಲವೂ ಹೋದವು. ಗಾಲಿಮಿರ್ ಕೈಯಲ್ಲಿ ಉಳಿದದ್ದು ಅಲ್ಲಿ ಕಲಿತದ್ದು ಮಾತ್ರ.

ಕಲಿತದ್ದು ಎಂದರೆ ಏನು ಎಂದು ಇಲ್ಲಿ ಸ್ವಲ್ಪ ಹತ್ತಿರದಿಂದ ನೋಡಬೇಕು. ಸ್ವರ ಕಾಗದದಲ್ಲಿದೆ, ಕಾಲ ಕಾಗದದಲ್ಲಿದೆ, ಎಲ್ಲಿ ಮೆಲ್ಲಗೆ ಎಲ್ಲಿ ಜೋರು ಎನ್ನುವುದೂ ಕಾಗದದಲ್ಲಿದೆ, ಇನ್ನೇನು ಉಳಿಯಿತು ಎಂದು ಕೇಳುವವರಿದ್ದಾರೆ. ಶ್ರುತಿಯನ್ನೇ ತೆಗೆದುಕೊಳ್ಳಿ. ನಾಲ್ವರು ಸೇರಿ ಷಡ್ಜ, ಗಾಂಧಾರ, ಪಂಚಮಗಳನ್ನು ಒಟ್ಟಿಗೆ ಹಿಡಿದಿದ್ದಾರೆ. ಎರಡನೆಯ ಪಿಟೀಲಿನವರ ಪಾಲಿಗೆ ಗಾಂಧಾರ ಬಂದಿದೆ ಎಂದಿಟ್ಟುಕೊಳ್ಳಿ. ಪಿಯಾನೊದ ಮೇಲೆ ಆ ಗಾಂಧಾರ ಷಡ್ಜದಿಂದ 400 ಸೆಂಟ್ಸ್ (ಸ್ವರಗಳ ಅಂತರದ ಅಳತೆ) ದೂರದಲ್ಲಿದೆ. ತಂಬೂರಿಯ ನಾದದಲ್ಲಿ ತಾನಾಗಿ ಕೇಳುವ ನಮ್ಮ ಅಂತರ ಗಾಂಧಾರ, ಅಂದರೆ ಐದಕ್ಕೆ ನಾಲ್ಕರ ಪ್ರಮಾಣದ್ದು, 386 ಸೆಂಟ್ಸ್‌ನಲ್ಲಿದೆ. ನಾಲ್ಕು ತಂತಿವಾದ್ಯಗಳು ಸೇರಿ ಆ ಸ್ವರಗುಚ್ಛವನ್ನು ಹಿಡಿದು ನಿಂತಾಗ ಕಿವಿ ಕೇಳುವುದು ಎರಡನೆಯದನ್ನು. ಗಾಂಧಾರ ಹಿಡಿದವರು ಬೆರಳನ್ನು ಕೂದಲೆಳೆಯಷ್ಟು ಕೆಳಕ್ಕೆ ಸರಿಸಿದರೆ ಇಡೀ ಕೋಣೆ ಮೊಳಗುತ್ತದೆ. ಸರಿಸದಿದ್ದರೆ ಎಲ್ಲರೂ ಸರಿಯಾಗಿ ನುಡಿಸುತ್ತಿದ್ದಾರೆ, ಆದರೂ ಏನೋ ಒಗರು.

ಇನ್ನೊಂದು ಕ್ಷಣಕ್ಕೆ ಸಂಗೀತ ತನ್ನ ಆಧಾರ ಷಡ್ಜವನ್ನೇ ಬದಲಿಸಿತು ಎನ್ನೋಣ. ಗ್ರಹಭೇದ ಕೇಳಿ ಬಲ್ಲವರಿಗೆ ಇದು ಹೊಸದಲ್ಲ. ಈಗ ಅದೇ ಬೆರಳಿನ ಕೆಳಗಿರುವ ಅದೇ ಸ್ವರ ಗಾಂಧಾರವಾಗಿ ಉಳಿದಿಲ್ಲ, ಹೊಸ ಷಡ್ಜದ ಕಡೆ ತುಡಿಯುವ ನಿಷಾದವಾಗಿದೆ. ನಿಷಾದ ಷಡ್ಜಕ್ಕೆ ಹತ್ತಿರವಾಗಲು ಬಯಸುತ್ತದೆ. ಆದ್ದರಿಂದ ಬೆರಳು ಮೇಲಕ್ಕೆ ಹೋಗಬೇಕು. ಕಾಗದದ ಮೇಲೆ ಒಂದೇ ಚುಕ್ಕೆ, ಅಳಿಸಿಲ್ಲ, ತಿದ್ದಿಲ್ಲ. ಆ ಚುಕ್ಕೆಯ ಕೆಲಸ ಬದಲಾದದ್ದು ಉಳಿದ ಮೂವರು ಏನು ನುಡಿಸುತ್ತಿದ್ದಾರೆ ಎಂಬುದರಿಂದ. ತನ್ನ ಸ್ವರ ಎಲ್ಲಿ ನಿಲ್ಲಬೇಕು ಎಂದು ತಿಳಿಯಲು ತನ್ನ ಪುಟವನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಸಾಲದು. ಪಕ್ಕದವರನ್ನು ಕೇಳಬೇಕು, ಅವರು ಹೋಗುವ ದಿಕ್ಕನ್ನು ಒಂದು ಕ್ಷಣ ಮೊದಲೇ ಊಹಿಸಬೇಕು.

ಬರ್ಗ್ ತಮ್ಮ ಸ್ವರಲಿಪಿಯಲ್ಲಿ ಯಾವ ವಾದ್ಯದ ಸಾಲು ಮುಖ್ಯ, ಯಾವುದು ಅದರ ನಂತರದ್ದು ಎಂದು ಗುರುತು ಹಾಕಿಯೇ ಬರೆದವರು. ಇಷ್ಟು ಬರೆದ ಮೇಲೂ ಮುಖ್ಯ ಸಾಲಿಗೆ ಉಳಿದವರು ಎಷ್ಟು ದಾರಿ ಬಿಡಬೇಕು ಎನ್ನುವುದು ಗುರುತಿನಲ್ಲಿಲ್ಲ. ‘ಲಿರಿಕ್ ಸ್ವೀಟ್’ನ ಮೂರನೆಯ ಭಾಗವನ್ನು ವಾದ್ಯದ ಸೇತುವೆಗೆ ಮ್ಯೂಟ್ ಹಾಕಿ ನುಡಿಸುತ್ತಾರೆ. ನಾಲ್ಕೂ ವಾದ್ಯ ಪಿಸುಮಾತಿನಲ್ಲಿ ಓಡುತ್ತವೆ, ಸ್ವರಗಳು ಒಬ್ಬರಿಂದ ಇನ್ನೊಬ್ಬರಿಗೆ ಜಾರುತ್ತವೆ, ನಡುವೆ ಒಂದು ಉನ್ಮತ್ತ ಭಾಗ ಸ್ಫೋಟಿಸಿ, ಬಳಿಕ ಮೊದಲಿನ ಪಿಸುಮಾತು ಹಿಂದುಮುಂದಾಗಿ ಮರಳುತ್ತದೆ. ಆ ಪಿಸುಮಾತಿನಲ್ಲಿ ಎಲ್ಲರಿಗೂ ಮೆಲ್ಲಗೆ ಎಂದೇ ಬರೆದಿದೆ. ಆದರೆ ನಾಲ್ವರೂ ಒಂದೇ ಅಳತೆಯಲ್ಲಿ ಮೆಲ್ಲಗೆ ನುಡಿಸಿದರೆ ಬೂದುಬಣ್ಣದ ಗದ್ದಲವಾಗುತ್ತದೆ. ಯಾರ ಮೆಲುದನಿ ಸ್ವಲ್ಪ ಹೊರಗೆ, ಯಾರದು ಒಳಗೆ, ಕಮಾನಿನ ಯಾವ ಭಾಗ, ಸೇತುವೆಗೆ ಎಷ್ಟು ಹತ್ತಿರ ಎಂಬ ನೂರು ಸಣ್ಣ ತೀರ್ಮಾನಗಳನ್ನು ನಾಲ್ವರು ಸೇರಿ ತೆಗೆದುಕೊಳ್ಳಬೇಕು. ಆ ತೀರ್ಮಾನಗಳನ್ನು ಬರೆದವರ ಎದುರಿನಲ್ಲಿ ತೆಗೆದುಕೊಂಡವರು ಗಾಲಿಮಿರ್ ಮತ್ತು ಅವರ ಸಹೋದರಿಯರು.

ಹಾಗಾದರೆ ಅವರ ಧ್ವನಿಮುದ್ರಿಕೆ ಇದೆಯಲ್ಲ, ಅದನ್ನೇ ಕೇಳಿ ಕಲಿಯಬಹುದಲ್ಲ ಎನ್ನುವುದು ಬಲವಾದ ಆಕ್ಷೇಪ. ಧ್ವನಿಮುದ್ರಿಕೆಯ ಬೆಲೆಯನ್ನು ಕನ್ನಡಿಗರಾದ ನಾವು ಹಗುರವಾಗಿ ಕಾಣಲಾರೆವು. ಲಂಡನ್‌ನಲ್ಲಿ ಹೆಚ್ಚು ಕಡಿಮೆ ಮರೆತುಹೋಗಿದ್ದ ರಷ್ಯದ ಸಂಗೀತಕಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳನ್ನು ಅವರೇ ನುಡಿಸಿ ಧ್ವನಿಮುದ್ರಿಸುವಂತೆ 1940ರ ದಶಕದಲ್ಲಿ ಹಣ ಕೊಟ್ಟವರು ಮೈಸೂರಿನ ಜಯಚಾಮರಾಜ ಒಡೆಯರು. ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕನ್ಚೆರ್ಟೊವನ್ನು ಅವರಿಗೆ ಅರ್ಪಿಸಿದ್ದಾರೆ. 1951ರಲ್ಲಿ ಮೆಟ್ನರ್ ತೀರಿಕೊಂಡರು; ಒಡೆಯರು ಆಗ ಮುಂದೆ ಬರದಿದ್ದರೆ ಆ ನುಡಿಸಾಣಿಕೆ ನಮಗೆ ಇಷ್ಟರಮಟ್ಟಿಗೆ ಉಳಿಯುತ್ತಿರಲಿಲ್ಲ. ಮೈಸೂರು ಜಗತ್ತಿನ ಸಂಗೀತಕ್ಕೆ ಮಾಡಿದ ಆ ಉಪಕಾರದ ಬಗ್ಗೆ ನನಗೆ ಹೆಮ್ಮೆಯಿದೆ.

ಆದರೂ ಧ್ವನಿಮುದ್ರಿಕೆ ತೋರಿಸುವುದು ತೀರ್ಮಾನವನ್ನು, ಆ ತೀರ್ಮಾನಕ್ಕೆ ಬಂದ ದಾರಿಯನ್ನಲ್ಲ. 1930ರ ದಶಕದ ತಟ್ಟೆಯ ಒಂದು ಬದಿಯಲ್ಲಿ ಹಿಡಿಸುತ್ತಿದ್ದದ್ದು ನಾಲ್ಕು ನಾಲ್ಕೂವರೆ ನಿಮಿಷದ ಸಂಗೀತ. ಅರ್ಧ ಗಂಟೆಯ ಕೃತಿಯನ್ನು ಅಷ್ಟಷ್ಟೇ ತುಂಡು ಮಾಡಿ ನುಡಿಸಬೇಕು. ಒಂದು ಬದಿ ಕೆಟ್ಟರೆ ಆ ಬದಿ ಪೂರ್ತಿ ಮತ್ತೆ ನುಡಿಸಬೇಕು, ತಿದ್ದಿ ಅಂಟಿಸುವ ಸೌಕರ್ಯವಿಲ್ಲ. ಆ ತಟ್ಟೆಯಲ್ಲಿ ಒಂದು ಕಡೆ ವೇಗ ಹೆಚ್ಚಾಗಿದೆ ಎಂದರೆ ಅದು ಬರ್ಗ್ ಕೇಳಿದ್ದೋ, ಬದಿ ಮುಗಿಯುತ್ತಿದೆ ಎಂಬ ಆತುರವೋ, ಹುಡುಗ ಹುಡುಗಿಯರ ಉತ್ಸಾಹವೋ ತಟ್ಟೆ ಹೇಳುವುದಿಲ್ಲ. ಪಕ್ಕದಲ್ಲಿ ಕೂತ ಮೇಷ್ಟ್ರು ಹೇಳಬಲ್ಲರು. ಅನುಕರಣೆಗೆ ತಟ್ಟೆ ಸಾಕು. ತಾನೇ ಒಂದು ತೀರ್ಮಾನಕ್ಕೆ ಬರುವ ಶಕ್ತಿ ಬೆಳೆಯಬೇಕಾದರೆ ಮನುಷ್ಯರೇ ಬೇಕು.

ಗಾಲಿಮಿರ್ ಆ ಮೇಷ್ಟ್ರಾದದ್ದು ಸುಲಭದ ದಾರಿಯಲ್ಲಿ ಅಲ್ಲ. 1936ರಲ್ಲಿ ಅವರು ವಿಯೆನ್ನಾದ ಆರ್ಕೆಸ್ಟ್ರಾ ಸೇರಿದರು. ಯೆಹೂದಿ ಎಂಬ ಕಾರಣಕ್ಕೆ ಅಲ್ಲಿ ಉಳಿಯಲಾಗಲಿಲ್ಲ. ಜರ್ಮನಿ ಆಸ್ಟ್ರಿಯಾವನ್ನು ನುಂಗಿದ್ದು 1938ರ ಮಾರ್ಚ್‌ನಲ್ಲಿ. ಅದಕ್ಕೆ ಮೊದಲೇ ಹೀಗೆ. ಪಿಟೀಲುವಾದಕ ಬ್ರೊನಿಸ್ಲಾವ್ ಹ್ಯೂಬರ್ಮನ್ ಯುರೋಪಿನಲ್ಲಿ ನೆಲೆ ಕಳೆದುಕೊಳ್ಳುತ್ತಿದ್ದ ಯೆಹೂದಿ ವಾದಕರನ್ನು ಒಟ್ಟುಗೂಡಿಸಿ ಪ್ಯಾಲೆಸ್ಟೈನ್ ಆರ್ಕೆಸ್ಟ್ರಾ ಕಟ್ಟುತ್ತಿದ್ದರು. 1936ರ ಡಿಸೆಂಬರ್‌ನಲ್ಲಿ ಟೆಲ್ ಅವೀವ್‌ನಲ್ಲಿ ಆರ್ಕೆಸ್ಟ್ರಾ ನಿರ್ದೇಶಕ ತೊಸ್ಕಾನಿನಿ ಅದರ ಮೊದಲ ಕಚೇರಿ ನಡೆಸಿದರು. ಗಾಲಿಮಿರ್ ಅಲ್ಲಿಗೆ ಹೋದರು. 1938ರಲ್ಲಿ ನ್ಯೂಯಾರ್ಕ್. ಅಲ್ಲಿ ಹೊಸ ಸಂಗಡಿಗರೊಡನೆ ಗಾಲಿಮಿರ್ ಕ್ವಾರ್ಟೆಟ್ ಅನ್ನು ಮತ್ತೆ ಕಟ್ಟಿದರು. ಹೊಟ್ಟೆಪಾಡಿಗೆ ತೊಸ್ಕಾನಿನಿಯವರ ಎನ್‌ಬಿಸಿ ರೇಡಿಯೊ ಆರ್ಕೆಸ್ಟ್ರಾದಲ್ಲಿ ಪಿಟೀಲು ಹಿಡಿದರು. 1954ರಲ್ಲಿ ಕಂಪನಿ ಆ ಆರ್ಕೆಸ್ಟ್ರಾವನ್ನು ಮುಚ್ಚುವವರೆಗೂ ಅಲ್ಲಿದ್ದರು.

ಇದನ್ನು ಹೇಳುವಾಗ ಕೆಲವರು ಒಂದು ಸಮಾಧಾನದ ಮಾತು ಸೇರಿಸುತ್ತಾರೆ: ಯುರೋಪ್ ಕಳೆದುಕೊಂಡದ್ದನ್ನು ಅಮೆರಿಕ ಪಡೆಯಿತು, ಆದ್ದರಿಂದ ಸಂಗೀತಕ್ಕೆ ಒಟ್ಟಿನಲ್ಲಿ ಒಳ್ಳೆಯದೇ ಆಯಿತು. ಈ ಮಾತನ್ನು ನಾನು ಒಪ್ಪುವುದಿಲ್ಲ. ದಾಟಿ ಹೋದವರ ಲೆಕ್ಕ ಮಾತ್ರ ಹಿಡಿದು, ದಾಟಲಾಗದವರನ್ನು ಬಿಟ್ಟ ಲೆಕ್ಕ ಅದು. ಐವತ್ತೇಳು ವರ್ಷ ಒಂದೇ ಕುರ್ಚಿಯಲ್ಲಿ ಕೂತು ನುಡಿಸಿದ ಆರ್ನೋಲ್ಡ್ ರೋಸೆಯವರನ್ನು 1938ರಲ್ಲಿ ಹೊರಹಾಕಿದರು. ಅವರು ಲಂಡನ್ ಸೇರಿ 1946ರಲ್ಲಿ ಅಲ್ಲೇ ತೀರಿಕೊಂಡರು. ಪಿಟೀಲು ವಾದಕಿಯಾಗಿದ್ದ ಅವರ ಮಗಳು ಆಲ್ಮಾ ಆಶ್‌ವಿಟ್ಸ್‌ನಲ್ಲಿ ಕೈದಿಗಳ ಮಹಿಳಾ ಆರ್ಕೆಸ್ಟ್ರಾ ನಡೆಸುತ್ತ 1944ರಲ್ಲಿ ಅಲ್ಲೇ ಸತ್ತರು. ವಿಯೆನ್ನಾದ ಮನೆಗಳಲ್ಲಿ ಸಂಜೆ ಹೊತ್ತು ಕ್ವಾರ್ಟೆಟ್ ನುಡಿಸುತ್ತಿದ್ದ, ಹೆಸರಿಲ್ಲದ ವೈದ್ಯರು, ವಕೀಲರು, ಅಂಗಡಿಯವರು ಎಷ್ಟು ಜನ ಹೋದರೋ. ಅವರೇ ಆ ಸಂಗೀತದ ನಿಜವಾದ ಶ್ರೋತೃಗಳಾಗಿದ್ದರು, ಏಕೆಂದರೆ ಅವರಿಗೂ ನುಡಿಸಿ ಗೊತ್ತಿತ್ತು. ಒಬ್ಬ ಗಾಲಿಮಿರ್ ಉಳಿದದ್ದರಿಂದ ಆ ನಷ್ಟ ತುಂಬಲಿಲ್ಲ. ಅವರ ಬೋಧನೆಯಲ್ಲಿ ಇಷ್ಟು ಒತ್ತಡ, ಇಷ್ಟು ನಿಷ್ಠೆ ಏಕಿತ್ತು ಎಂದು ಕೇಳುವವರು ಇದನ್ನು ಮರೆಯಬಾರದು.

1954ರಲ್ಲೇ ಅವರು ವರ್ಮಾಂಟ್ ರಾಜ್ಯದ ಮಾರ್ಲ್‌ಬರೊ ಎಂಬ ಹಳ್ಳಿಗೆ ಹೋಗತೊಡಗಿದರು. ಅಲ್ಲಿ 1951ರಲ್ಲಿ ಪಿಯಾನೊವಾದಕ ರುಡಾಲ್ಫ್ ಸರ್ಕಿನ್, ಅವರ ಮಾವನಾದ ಪಿಟೀಲಿನ ಅಡಾಲ್ಫ್ ಬುಷ್, ಚೆಲ್ಲೊದ ಹರ್ಮನ್ ಬುಷ್ ಮತ್ತು ಫ್ರಾನ್ಸಿನ ಮೋಯಿಸ್ ಕುಟುಂಬದವರು ಸೇರಿ ಒಂದು ಬೇಸಿಗೆ ಶಾಲೆ ಶುರುಮಾಡಿದ್ದರು. ಅಡಾಲ್ಫ್ ಬುಷ್ ಯೆಹೂದಿಯಲ್ಲ. ಹಿಟ್ಲರ್ ಬಂದ 1933ರಲ್ಲೇ ಇನ್ನು ಜರ್ಮನಿಯಲ್ಲಿ ನುಡಿಸುವುದಿಲ್ಲ ಎಂದು ತಾವಾಗಿ ಹಿಂದೆ ಸರಿದವರು. ಆ ಧೈರ್ಯವನ್ನು ಇಲ್ಲಿ ಹೇಳದೆ ಮುಂದೆ ಹೋಗಲು ಮನಸ್ಸು ಬರುವುದಿಲ್ಲ.

ಮಾರ್ಲ್‌ಬರೊದ ಕ್ರಮ ಸರಳ. ಹೆಸರಾಂತ ಹಿರಿಯರೂ ಇಪ್ಪತ್ತರ ಆಸುಪಾಸಿನ ಹುಡುಗರೂ ಒಂದೇ ಗುಂಪಿನಲ್ಲಿ ಕೂತು ನುಡಿಸುತ್ತಾರೆ. ಹಿರಿಯರು ಕುರ್ಚಿ ಎಳೆದುಕೊಂಡು ಹೊರಗೆ ಕೂತು ತಪ್ಪು ಹೇಳುವುದಿಲ್ಲ, ಒಳಗೇ ಕೂರುತ್ತಾರೆ. ಒಂದು ಕೃತಿಯನ್ನು ಹಿಡಿದರೆ ವಾರಗಟ್ಟಲೆ ಅಭ್ಯಾಸ. ಕಚೇರಿಯಲ್ಲಿ ಏನು ನುಡಿಸುವುದೆಂದು ಬಹಳ ಮೊದಲೇ ಸಾರುವುದಿಲ್ಲ. ಗುಂಪು ತಾನು ಸಿದ್ಧ ಎಂದ ಮೇಲೆ, ಕಚೇರಿಗೆ ಒಂದು ವಾರವಿರುವಾಗ ತೀರ್ಮಾನವಾಗುತ್ತದೆ. ಹಿಡಿದ ಕೃತಿಗಳಲ್ಲಿ ಎಷ್ಟೋ ವೇದಿಕೆಗೆ ಬರುವುದೇ ಇಲ್ಲ. ಟಿಕೆಟು, ಪತ್ರಿಕೆ, ವಿಮರ್ಶೆ ಇವುಗಳಿಂದ ಬದುಕುವ ಸಂಗೀತ ಲೋಕದಲ್ಲಿ, ಜನರ ಮುಂದೆ ಬಾರದ ಕೆಲಸವನ್ನೂ ಪೂರ್ತಿ ಕೆಲಸ ಎಂದು ಒಪ್ಪಿಕೊಂಡ ಜಾಗ ಅದು.

ಗಾಲಿಮಿರ್ ಬದುಕಿರುವವರೆಗೆ, ಸುಮಾರು ನಲವತ್ತೈದು ವರ್ಷ, ಬೇಸಿಗೆ ಬಂದರೆ ಅಲ್ಲಿರುತ್ತಿದ್ದರು. ಬರ್ಗ್ ಎದುರಿನಲ್ಲಿ ನುಡಿಸಿದ ಮನುಷ್ಯ ಬರ್ಗ್ ಸತ್ತು ನಲವತ್ತು ವರ್ಷಗಳಾದ ಮೇಲೆ ಹುಟ್ಟಿದ ಹುಡುಗಿಯ ಪಕ್ಕ ಕೂತು ಅದೇ ಸಂಗೀತವನ್ನು ಹಿಡಿಯುವುದೆಂದರೆ ಏನು ಎಂದು ಯೋಚಿಸಿ. ಹೊರಗೆ ಕೂತ ಮೇಷ್ಟ್ರು “ಇಲ್ಲಿ ನಿನ್ನ ದನಿ ಹೆಚ್ಚಾಯಿತು” ಎನ್ನಬೇಕಾಗುತ್ತದೆ. ಒಳಗೆ ಕೂತವರು ತಮ್ಮ ದನಿಯನ್ನು ತಗ್ಗಿಸುತ್ತಾರೆ, ಹುಡುಗಿಗೆ ತನ್ನದು ಮೇಲೆದ್ದು ನಿಂತದ್ದು ತಾನಾಗಿ ಕೇಳುತ್ತದೆ. ಹೊರಗಿನವರು “ಇಲ್ಲಿ ಉಸಿರು ಬೇಕು” ಎನ್ನಬೇಕು. ಒಳಗಿನವರು ಕಮಾನನ್ನು ಎತ್ತುವಾಗ ಉಸಿರೆಳೆದುಕೊಳ್ಳುತ್ತಾರೆ, ಪಕ್ಕದವರು ಆ ಉಸಿರಿನಲ್ಲೇ ವೇಗ, ಭಾವ, ಸ್ವರದ ಮೊದಲ ತುದಿಯ ಗಡಸು ಎಲ್ಲವನ್ನೂ ಓದಿಕೊಳ್ಳುತ್ತಾರೆ. ಕ್ವಾರ್ಟೆಟ್‌ಗೆ ನಿರ್ದೇಶಕನಿಲ್ಲ. ನಾಲ್ವರು ಒಟ್ಟಿಗೆ ಶುರುಮಾಡಬೇಕೆಂದರೆ ಆ ಒಂದು ಉಸಿರಷ್ಟೇ ಇರುವ ಸೂಚನೆ. ಅದನ್ನು ಮಾತಿನಲ್ಲಿ ಎಷ್ಟು ವಿವರಿಸಿದರೂ ಈಜುವುದನ್ನು ದಡದಲ್ಲಿ ನಿಂತು ಹೇಳಿಕೊಟ್ಟಂತೆ.

ವರ್ಷದ ಉಳಿದ ಕಾಲದಲ್ಲಿ ಅವರು ನ್ಯೂಯಾರ್ಕ್‌ನ ಜೂಲಿಯಾರ್ಡ್, ಮ್ಯಾನೆಸ್ ಮತ್ತು ಫಿಲಡೆಲ್ಫಿಯಾದ ಕರ್ಟಿಸ್ ಸಂಸ್ಥೆಗಳಲ್ಲಿ ಚೇಂಬರ್ ಸಂಗೀತ ಕಲಿಸಿದರು. ಇಂದು ಜಗತ್ತಿನಾದ್ಯಂತ ಹೆಸರಾಗಿರುವ ಹಿಲರಿ ಹಾನ್ ಕರ್ಟಿಸ್‌ನಲ್ಲಿ ಅವರ ಬಳಿ ಕಲಿತವರು. ಹಾನ್ ಏಕವ್ಯಕ್ತಿ ವಾದಕಿಯಾಗಿಯೇ ಪ್ರಸಿದ್ಧರು. ಇದು ಗಮನಿಸಬೇಕಾದ ವಿಷಯ. ಚೇಂಬರ್ ಸಂಗೀತದ ಪಾಠ ಕ್ವಾರ್ಟೆಟ್ ಸೇರುವವರಿಗಷ್ಟೇ ಎಂದು ಅಂದುಕೊಂಡಿದ್ದರೆ ಅವರಿಗೆ ಅದು ಬೇಕಿರಲಿಲ್ಲ. ಆರ್ಕೆಸ್ಟ್ರಾದ ಮುಂದೆ ನಿಂತು ನುಡಿಸುವವರಿಗೂ ಹಿಂದಿನಿಂದ ಬರುವ ಓಬೊ ತನ್ನ ಪದವನ್ನು ಎಲ್ಲಿ ಮುಗಿಸುತ್ತಿದೆ ಎಂದು ಕೇಳುವ ಕಿವಿ ಬೇಕು. ಆ ಕಿವಿ ತಯಾರಾಗುವುದು ನಾಲ್ವರ ನಡುವೆ.

ಇಲ್ಲಿ ಇನ್ನೊಂದು ಆಕ್ಷೇಪ ಬರುತ್ತದೆ, ಇದು ಮೊದಲಿನದಕ್ಕಿಂತ ಗಂಭೀರ. ಹೀಗೆಲ್ಲ ಹೇಳುವುದು ಪರಂಪರೆಯ ಹೆಸರಿನಲ್ಲಿ ಅಧಿಕಾರ ಸ್ಥಾಪಿಸುವುದಲ್ಲವೆ? “ನಾನು ಬರ್ಗ್ ಎದುರು ನುಡಿಸಿದವನು” ಎಂದ ಕೂಡಲೇ ಎದುರಿಗಿರುವ ಹುಡುಗ ಬಾಯಿ ಮುಚ್ಚಬೇಕಲ್ಲವೆ? ಗುರುಪರಂಪರೆಯ ಹೆಸರಿನಲ್ಲಿ ಶಿಷ್ಯರ ಬುದ್ಧಿಯನ್ನು ಕಟ್ಟಿಹಾಕಿದ ಉದಾಹರಣೆಗಳು ನಮ್ಮ ಸಂಗೀತದಲ್ಲೂ ಬೇಕಾದಷ್ಟಿವೆ, ಆದ್ದರಿಂದ ಈ ಅನುಮಾನ ನ್ಯಾಯವಾದದ್ದೇ.

ಇದಕ್ಕೆ ‘ಲಿರಿಕ್ ಸ್ವೀಟ್’ನ ಕಥೆಯೇ ಉತ್ತರ ಕೊಡುತ್ತದೆ. 1977ರಲ್ಲಿ ಜಾರ್ಜ್ ಪರ್ಲ್ ಎಂಬ ಅಮೆರಿಕದ ಸಂಗೀತಕಾರರು ಬರ್ಗ್ ಕೈಯಿಂದಲೇ ಟಿಪ್ಪಣಿ ಬರೆದ ಒಂದು ಪ್ರತಿಯನ್ನು ಪತ್ತೆಮಾಡಿದರು. ಹನ್ನಾ ಫುಕ್ಸ್ ಎಂಬ ವಿವಾಹಿತ ಹೆಂಗಸಿನ ಮೇಲಿದ್ದ ಪ್ರೀತಿಯನ್ನು ಬರ್ಗ್ ಆ ಕೃತಿಯೊಳಗೆ ಹುದುಗಿಸಿಟ್ಟಿದ್ದರು. ತಮ್ಮ ಮತ್ತು ಅವರ ಹೆಸರಿನ ಮೊದಲಕ್ಷರಗಳನ್ನು ಸ್ವರಗಳನ್ನಾಗಿಸಿ ಹೆಣೆದಿದ್ದರು. ಕೊನೆಯ ಭಾಗದ ಕೆಳಗೆ ಬೋದಿಲೇರನ ಕವಿತೆಯೊಂದರ ಜರ್ಮನ್ ಅನುವಾದ ಹಾಡದ ಹಾಡಾಗಿ ಹರಿದಿತ್ತು. ಅಚ್ಚಾದ ಸ್ವರಲಿಪಿಯಲ್ಲಿ ಇದಾವುದೂ ಇರಲಿಲ್ಲ. ಅರ್ಧ ಶತಮಾನದವರೆಗೆ ಲೋಕ ಈ ಕೃತಿಯನ್ನು ಆ ಗುಟ್ಟಿನ ಸುಳಿವಿಲ್ಲದೆ ನುಡಿಸಿತು, ಕೇಳಿತು, ಮೆಚ್ಚಿತು. ಅಂದರೆ ಬರೆದವರ ಹತ್ತಿರ ಕೂತದ್ದು ಎಲ್ಲವನ್ನೂ ತಿಳಿಸಿಬಿಡುವುದಿಲ್ಲ. ಸ್ವರಲಿಪಿ, ಧ್ವನಿಮುದ್ರಿಕೆ, ಕಂಡವರ ನೆನಪು, ವಿದ್ವಾಂಸರ ಶೋಧ ಒಂದೊಂದೂ ಒಂದೊಂದು ಸಾಕ್ಷಿ. ಯಾವುದೂ ಕೊನೆಯ ತೀರ್ಪಲ್ಲ. ಒಳ್ಳೆಯ ಮೇಷ್ಟ್ರು ತನ್ನ ನೆನಪನ್ನು ಸಾಕ್ಷಿಯಾಗಿ ಮುಂದಿಡುತ್ತಾರೆ, ಹುಡುಗರು ಅದನ್ನು ಸ್ವರಲಿಪಿಯ ಜೊತೆ ಇಟ್ಟು ತೂಗುತ್ತಾರೆ.

ಚೇಂಬರ್ ಸಂಗೀತದ ರಚನೆಯೇ ಗುರುವಿನ ಅಧಿಕಾರಕ್ಕೆ ಒಂದು ಮಿತಿ ಹಾಕುತ್ತದೆ ಎಂದೂ ನನಗೆ ಅನ್ನಿಸುತ್ತದೆ. ನಾಲ್ವರಲ್ಲಿ ಒಬ್ಬರಾಗಿ ಕೂತ ಮೇಲೆ, ವಯೊಲಾ ಹಿಡಿದ ಇಪ್ಪತ್ತೆರಡರ ಹುಡುಗ ತನ್ನ ಸಾಲನ್ನು ಮುನ್ನಡೆಸುವಾಗ ಎಪ್ಪತ್ತು ದಾಟಿದ ಮೊದಲ ಪಿಟೀಲಿನವರೂ ಹಿಂಬಾಲಿಸಲೇ ಬೇಕು. ಹಿಂಬಾಲಿಸದಿದ್ದರೆ ಸಂಗೀತ ಅಲ್ಲೇ ಮುರಿಯುತ್ತದೆ, ಎಲ್ಲರಿಗೂ ಕೇಳುತ್ತದೆ. ವಯಸ್ಸಿನ, ಕೀರ್ತಿಯ ಗೌರವ ಚಹಾದ ಹೊತ್ತಿನಲ್ಲಿ ಸಲ್ಲಬಹುದು. ಆ ಸಾಲಿನಲ್ಲಿ ಮುಂದಾಳು ಹುಡುಗನೇ. ಇಂಥ ಶಿಸ್ತಿಗೆ ತನ್ನನ್ನು ಒಡ್ಡಿಕೊಂಡು ದಶಕಗಳ ಕಾಲ ಕಲಿಸಿದವರನ್ನು ವೇದಿಕೆಯಿಂದ ನಿವೃತ್ತರಾದವರು ಎನ್ನುವುದು ಹೇಗೆ?

ನಮ್ಮ ಪಕ್ಕವಾದ್ಯದ ಪಿಟೀಲಿಗೂ ಇದಕ್ಕೂ ಹೋಲಿಕೆ ನೆನಪಿಗೆ ಬರುವುದು ಸಹಜ. ಹೋಲಿಕೆ ಒಂದು ಹಂತದವರೆಗೆ ಸರಿ: ಇನ್ನೊಬ್ಬರ ಮನೋಧರ್ಮವನ್ನು ಕ್ಷಣ ಮೊದಲೇ ಊಹಿಸುವ ಕಿವಿ ಎರಡಕ್ಕೂ ಬೇಕು. ಆಮೇಲೆ ದಾರಿ ಬೇರೆ. ನಮ್ಮಲ್ಲಿ ಗಾಯಕರು ಮುಖ್ಯ, ಪಕ್ಕದವರು ಅನುಸರಿಸುವವರು ಎಂಬ ಕ್ರಮ ಕಚೇರಿಯುದ್ದಕ್ಕೂ ಹೆಚ್ಚು ಕಡಿಮೆ ಉಳಿಯುತ್ತದೆ. ಕ್ವಾರ್ಟೆಟ್‌ನಲ್ಲಿ ಆ ಸ್ಥಾನ ಎರಡೆರಡು ಪದಕ್ಕೆ ಕೈ ಬದಲಿಸುತ್ತದೆ. ಆದರೂ ಒಂದು ವಿಷಯದಲ್ಲಿ ನಾವು ಹೆಚ್ಚು ನ್ಯಾಯವಾಗಿ ನಡೆದುಕೊಂಡಿದ್ದೇವೆ. ಜೀವಮಾನದ ಬಹುಪಾಲು ಹಾಡುವವರ ಪಕ್ಕದಲ್ಲಿ ಕೂತು ನುಡಿಸಿದ ಟಿ. ಚೌಡಯ್ಯನವರ ಹೆಸರಿನಲ್ಲಿ ಬೆಂಗಳೂರಿನಲ್ಲಿ ಪಿಟೀಲಿನ ಆಕಾರದ ಸಭಾಭವನವನ್ನೇ ಕಟ್ಟಿದ್ದೇವೆ. ಪಕ್ಕದಲ್ಲಿ ಕೂತವರೂ ದೊಡ್ಡವರಾಗಬಲ್ಲರು ಎಂದು ನಮಗೆ ಗೊತ್ತು.

ಅದು ಗೊತ್ತಿರುವ ಊರಿನಲ್ಲೇ ಪಾಶ್ಚಾತ್ಯ ಪಿಟೀಲು ಕಲಿಯುವ ಮಕ್ಕಳು ಈಗ ನೂರಾರು. ಅವರಲ್ಲಿ ಬಹುತೇಕರ ಕಲಿಕೆ ಲಂಡನ್‌ನ ಮಂಡಳಿಗಳ ಗ್ರೇಡ್ ಪರೀಕ್ಷೆಗಳ ಸುತ್ತ ನಡೆಯುತ್ತದೆ. ವರ್ಷಕ್ಕೆ ಮೂರು ನಾಲ್ಕು ತುಣುಕು, ಸ್ವರಶ್ರೇಣಿಗಳು, ಪಿಯಾನೊದ ಜೊತೆ ಒಬ್ಬರೇ ನಿಂತು ಪರೀಕ್ಷಕರ ಮುಂದೆ ಹತ್ತಿಪ್ಪತ್ತು ನಿಮಿಷ. ಈ ಪರೀಕ್ಷೆಗಳಿಂದ ಶಿಸ್ತು ಬಂದಿದೆ, ದೂರದ ಊರುಗಳಲ್ಲೂ ಒಂದು ಮಟ್ಟ ಉಳಿದಿದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಎಂಟನೆಯ ಗ್ರೇಡ್ ಮುಗಿಸಿದ ಮಗುವೂ ಒಂದು ಸಲವೂ ಇನ್ನೊಂದು ಪಿಟೀಲಿನ ಜೊತೆ ಒಂದು ಗಾಂಧಾರವನ್ನು ಹೊಂದಿಸಿ ನಿಲ್ಲಿಸದೆ ಹೊರಬರುವುದು ಸಾಧ್ಯವಿದೆ, ಸಾಧ್ಯವಷ್ಟೇ ಅಲ್ಲ, ಅದೇ ಮಾಮೂಲು. ಪಿಯಾನೊದ ಗಾಂಧಾರ ಬಗ್ಗುವುದಿಲ್ಲವಾದ್ದರಿಂದ ಬಗ್ಗುವ ಗಾಂಧಾರವೊಂದಿದೆ ಎಂದೇ ಆ ಮಗುವಿಗೆ ತಿಳಿಯುವುದಿಲ್ಲ.

ಇದಕ್ಕೆ ದೊಡ್ಡ ಸಂಸ್ಥೆ, ದೊಡ್ಡ ಹಣ ಬೇಕಿಲ್ಲ. ಮೂರನೆಯ ನಾಲ್ಕನೆಯ ಗ್ರೇಡಿನ ಹೊತ್ತಿಗೇ ಇಬ್ಬರು ಪಿಟೀಲಿನ ಮಕ್ಕಳನ್ನು ವಾರಕ್ಕೊಂದು ತಾಸು ಜೊತೆಗೆ ಕೂರಿಸಬಹುದು. ಇಬ್ಬರು ಪಿಟೀಲಿನವರಿಗೆಂದೇ ಬರೆದ ಸುಲಭ ಕೃತಿಗಳು ಧಾರಾಳವಾಗಿವೆ. ವಯೊಲಾ ಹಿಡಿಯುವವರು ನಮ್ಮಲ್ಲಿ ಕಡಿಮೆ. ಪಿಟೀಲಿನ ದೊಡ್ಡ ಮಕ್ಕಳಲ್ಲಿ ಒಬ್ಬರಿಗೆ ವಯೊಲಾ ಕೊಟ್ಟರೆ ಕೆಲವು ತಿಂಗಳಲ್ಲಿ ಕೈಗೆ ಒಗ್ಗುತ್ತದೆ, ಬೇರೆ ಸ್ವರಲಿಪಿಯ ಕೀಲಿ ಓದಲು ಸ್ವಲ್ಪ ಕಷ್ಟವಾದೀತು. ಒಬ್ಬ ಚೆಲ್ಲೊದವರು ಸಿಕ್ಕಿದರೆ ಹೈಡನ್‌ನ ಮೊದಲ ಕ್ವಾರ್ಟೆಟ್‌ಗಳಿಗೆ ಬೇಕಾದಷ್ಟಾಯಿತು. ಮೇಷ್ಟ್ರು ಎದುರಿಗೆ ನಿಂತು ಕೈ ಆಡಿಸಬಾರದು, ಚಪ್ಪಾಳೆ ತಟ್ಟಿ ತಾಳ ಹಾಕಬಾರದು. ಎರಡನೆಯ ಪಿಟೀಲಿನ ಕುರ್ಚಿಯಲ್ಲಿ ಕೂತು, ಮೊದಲ ಪಿಟೀಲಿನ ಮಗು ಉಸಿರೆಳೆದುಕೊಂಡು ಶುರುಮಾಡುವವರೆಗೆ ತಾವೂ ಕಾಯಬೇಕು.